ಓದುಗರ ಪ್ರಶ್ನೆ: ವಾಕ್ಯ ಹೋದಮೇಲೆ ತಲೆಯಲ್ಲಿ ಏನು ಉಳಿಯುತ್ತದೆ?

ಪ್ರಶ್ನೆ: ಪಾಠ ಓದಿಸಿ, ಪುಸ್ತಕ ಮುಚ್ಚಿಸಿ ಕೇಳಿದರೆ ಮಕ್ಕಳು ವಿಷಯ ಹೇಳುತ್ತಾರೆ, ಆದರೆ ಒಂದು ವಾಕ್ಯವನ್ನೂ ಇದ್ದಂತೆ ಹೇಳುವುದಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸುತ್ತಾರೆ. ನೆನಪಿನ ಶಕ್ತಿ ಕಡಿಮೆಯೇ?
– ಶಿಕ್ಷಕಿ, ಸಿಂಧನೂರು

ಉತ್ತರ: ಅಲ್ಲ. ಓದಿದ್ದು ಅರ್ಥವಾಗಿದೆ ಎನ್ನುವುದಕ್ಕೆ ಅದೇ ಗುರುತು. 1967ರಲ್ಲಿ ಜಾಕ್ವೆಲಿನ್ ಸ್ಯಾಕ್ಸ್ ಎಂಬ ಸಂಶೋಧಕಿ ದೂರದರ್ಶಕ ಹುಟ್ಟಿದ ಬಗೆಯನ್ನು ಜನರಿಗೆ ಕೇಳಿಸಿ, ಅದರ ಒಂದು ವಾಕ್ಯವನ್ನು ಮತ್ತೆ ಮುಂದಿಟ್ಟರು. ಕೆಲವು ಸಲ ಇದ್ದ ಹಾಗೇ, ಕೆಲವು ಸಲ ಪದಗಳ ಜೋಡಣೆ ಮಾತ್ರ ಬದಲಿಸಿ, ಕೆಲವು ಸಲ ‘ಅವನು ಗೆಲಿಲಿಯೋಗೆ ಪತ್ರ ಕಳಿಸಿದ’ ಎಂಬುದನ್ನು ‘ಗೆಲಿಲಿಯೋ ಅವನಿಗೆ ಕಳಿಸಿದ’ ಎಂದು ತಿರುಗಿಸಿ. ಕೇಳಿದ ತಕ್ಷಣವಾದರೆ ಹೆಚ್ಚುಕಡಿಮೆ ಎಲ್ಲ ಬದಲಾವಣೆಯೂ ಗೊತ್ತಾಯಿತು. ನಡುವೆ 80 ಉಚ್ಚಾರಾಂಶ, ಅಂದರೆ ಅರ್ಧ ನಿಮಿಷದಷ್ಟು ಮಾತು ಹರಿದರೆ ಸಾಕು, ಜೋಡಣೆ ಬದಲಾದದ್ದು ಹೆಚ್ಚುಕಡಿಮೆ ಯಾರಿಗೂ ಗೊತ್ತಾಗಲಿಲ್ಲ. ಅರ್ಥ ಬದಲಾದದ್ದು ಮಾತ್ರ ಆಗಲೂ ಗೊತ್ತಾಯಿತು.

ಇನ್ನು ಮಕ್ಕಳು ‘ಸೇರಿಸುವ’ ವಿಚಾರ. ‘ಆನೆಗೊಂದಿ ಹತ್ತಿರ ಮೂವರು ಹರಿಗೋಲಿನ ಮೇಲೆ ಕೂತಿದ್ದರು, ಅವರ ಕೆಳಗೆ ಮೀನು ಹಾದುಹೋಯಿತು’ ಎಂದು ಓದಿದ ಮಗು ಆಮೇಲೆ ‘ಹರಿಗೋಲಿನ ಕೆಳಗೆ ಮೀನು ಹೋಯಿತು’ ಎನ್ನುತ್ತದೆ. ಪುಸ್ತಕದಲ್ಲಿ ಆ ಮಾತಿಲ್ಲ, ಆದರೆ ಸಂಗತಿ ನಿಜ. ‘ಹರಿಗೋಲಿನ ಪಕ್ಕ ಕೂತಿದ್ದರು’ ಎಂದಿದ್ದರೆ ಮಗು ಹಾಗೆ ಹೇಳುತ್ತಿರಲಿಲ್ಲ. ಬ್ರಾನ್ಸ್‌ಫರ್ಡ್, ಬಾರ್ಕ್ಲೇ, ಫ್ರಾಂಕ್ಸ್ ಎಂಬ ಸಂಶೋಧಕರು 1972ರಲ್ಲಿ ಇದನ್ನೇ ಮರದ ದಿಮ್ಮಿಯ ಮೇಲಿನ ಆಮೆಗಳ ವಾಕ್ಯದಿಂದ ತೋರಿಸಿದರು. ಮನಸ್ಸು ಇಟ್ಟುಕೊಳ್ಳುವುದು ವಾಕ್ಯ ಹೇಳಿದ ಸನ್ನಿವೇಶವನ್ನು: ಯಾರು, ಎಲ್ಲಿ, ಯಾವುದರ ಮೇಲೆ, ಯಾರಿಗೆ ಏನಾಯಿತು.

ತರಗತಿಯಲ್ಲಿ ಪರೀಕ್ಷಿಸಲು ‘1520ರಲ್ಲಿ ರಾಯಚೂರಿನಲ್ಲಿ ಕೃಷ್ಣದೇವರಾಯ ಆದಿಲ್ ಶಾಹನನ್ನು ಸೋಲಿಸಿದ’ ಎಂಬ ವಾಕ್ಯವಿರುವ ಐದಾರು ಸಾಲಿನ ಪಾರಾ ಓದಿಸಿ. ಕೂಡಲೇ ಪ್ರಶ್ನೆ ಕೇಳಬೇಡಿ. ಕಿವಿಯಲ್ಲಿ ಇನ್ನೂ ಉಳಿದಿರುವ ಸದ್ದಿನಿಂದಲೇ ಉತ್ತರ ಬಂದುಬಿಡುತ್ತದೆ. ನಡುವೆ ಎರಡು ಲೆಕ್ಕ ಮಾಡಿಸಿ. ಆಮೇಲೆ ‘ಆದಿಲ್ ಶಾಹನನ್ನು ಕೃಷ್ಣದೇವರಾಯ ಸೋಲಿಸಿದ’ ಮತ್ತು ‘ಕೃಷ್ಣದೇವರಾಯನನ್ನು ಆದಿಲ್ ಶಾಹ ಸೋಲಿಸಿದ’ ಎರಡನ್ನೂ ಕೊಟ್ಟು ಸರಿಯೋ ತಪ್ಪೋ ಕೇಳಿ. ಹೆಸರುಗಳು ಅವೇ, ಬದಲಾದದ್ದು ಮೊದಲನೆಯದರಲ್ಲಿ ಕ್ರಮ ಮಾತ್ರ, ಎರಡನೆಯದರಲ್ಲಿ ‘ಅನ್ನು’ ಪ್ರತ್ಯಯದ ಜಾಗ. ಬರೀ ಉರು ಹೊಡೆದ ಮಗು ಎರಡನೆಯದಕ್ಕೂ ಹೌದು ಎಂದುಬಿಡಬಹುದು. ಪದ್ಯ, ವಚನ, ಸೂತ್ರಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಬಾಯಿಪಾಠವೇ ಬೇಕು.

ಪ್ರಶ್ನೆ: ನಮ್ಮ ಗೊಬ್ಬರ-ಔಷಧ ಅಂಗಡಿಯಲ್ಲಿ ‘ಉರಿಬಿಸಿಲಲ್ಲಿ ಔಷಧ ಹೊಡೆಯಬೇಡಿ’ ಎಂದು ದೊಡ್ಡದಾಗಿ ಬರೆಸಿದ್ದೇವೆ. ಓದಿದವರೇ ಮಧ್ಯಾಹ್ನ ಪಂಪು ಹೊತ್ತು ಹೊರಡುತ್ತಾರೆ. ಓದುವಾಗ ತಲೆಯಲ್ಲಿ ಆಗುವುದಾದರೂ ಏನು?
– ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಹಟ, ಅವಸರ, ಕೂಲಿಯಾಳು ಸಿಗುವ ಹೊತ್ತು, ಇವೂ ಕಾರಣವಿರಬಹುದು, ಎಲ್ಲವನ್ನೂ ಫಲಕದ ಮೇಲೆ ಹಾಕಬೇಡಿ. ಆದರೆ ನಿಮ್ಮ ವಾಕ್ಯದಲ್ಲಿ ಒಂದು ತೊಡಕಿದೆ. ಓದುಗ ಕೊನೆಯ ‘ಬೇಡಿ’ಗಾಗಿ ಕಾಯುತ್ತ ಕೂರುವುದಿಲ್ಲ. ಜಪಾನಿ ಭಾಷೆಯಲ್ಲೂ ನಮ್ಮಂತೆ ಕ್ರಿಯಾಪದ ಕೊನೆಗೆ ಬರುತ್ತದೆ. ಕೇಳುವವರ ಕಣ್ಣಿನ ಚಲನೆ ಅಳೆದ 2003ರ ಪ್ರಯೋಗದಲ್ಲಿ, ‘ಗೆ’ಯಂಥ ಪ್ರತ್ಯಯ ಕೇಳುತ್ತಲೇ, ಕ್ರಿಯಾಪದ ಬರುವ ಮೊದಲೇ, ಮುಂದೆ ಬರಬಹುದಾದ ವಸ್ತುವಿನ ಚಿತ್ರದ ಕಡೆ ನೋಟ ಹೊರಳಿತು. ಹಾಗಾಗಿ ‘ಉರಿಬಿಸಿಲಲ್ಲಿ ಔಷಧ’ ಎನ್ನುವಷ್ಟರಲ್ಲೇ ಬಿಸಿಲು, ಪಂಪು, ಹೊಲ ಎಲ್ಲ ಒಟ್ಟುಗೂಡಿರುತ್ತವೆ. ಅದನ್ನು ಅಳಿಸುವ ಕೆಲಸ ‘ಬೇಡಿ’ಯದು.

ಮಿದುಳಿನ ವಿದ್ಯುತ್ ಅಲೆಗಳೂ ಇದನ್ನೇ ಹೇಳುತ್ತವೆ. ‘ಮಿರ್ಚಿಯನ್ನು ಕಾದ ಸಿಮೆಂಟಿನಲ್ಲಿ ಕರಿದರು’ ಎಂಬಂಥ ವಾಕ್ಯದಲ್ಲಿ ಹೊಂದದ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಒಂದು ಋಣ (ನೆಗೆಟಿವ್) ವಿದ್ಯುತ್ ಅಲೆ ಏಳುತ್ತದೆ. ಕುಟಾಸ್ ಮತ್ತು ಹಿಲ್ಯಾರ್ಡ್ 1980ರಲ್ಲಿ ಗುರುತಿಸಿದ ಇದರ ಹೆಸರು ಎನ್400. (ಬೆಂಕಿಯಿಂದ ನೆನೆಸುತ್ತಾನೆ ಎಂಬ ವಾಕ್ಯಕ್ಕೆ ‘ಯೋಗ್ಯತೆ’, ಅಂದರೆ ಪದಗಳ ಅರ್ಥ ಒಂದಕ್ಕೊಂದು ಹೊಂದುವ ಗುಣ, ಇಲ್ಲ ಎಂದು ನಮ್ಮ ತರ್ಕಶಾಸ್ತ್ರದವರು ಹೇಳಿದ್ದು ಇದೇ ಎಡವಟ್ಟನ್ನು.) 1983ರ ಒಂದು ಪ್ರಯೋಗದಲ್ಲಿ ಗುಬ್ಬಿ ಹಕ್ಕಿಯಲ್ಲ ಎಂಬಂಥ ಸುಳ್ಳಿಗೆ ಈ ಅಲೆ ಚಿಕ್ಕದಾಗಿತ್ತು, ಗುಬ್ಬಿ ಮರವಲ್ಲ ಎಂಬಂಥ ನಿಜಕ್ಕೆ ದೊಡ್ಡದಾಗಿತ್ತು. ಪ್ರಯೋಗ ನಡೆದ ಇಂಗ್ಲಿಷಿನಲ್ಲಿ ‘ಅಲ್ಲ’ ಮೊದಲೇ ಬಂದರೂ ಫಲ ಹೀಗೆ! ಇಂಥ ವಾಕ್ಯಗಳಲ್ಲಿ ಪದಪದಗಳ ನಂಟು ಮೊದಲು ಎಚ್ಚರವಾಗುತ್ತದೆ, ನಿಷೇಧ ನಿಧಾನವಾಗಿ ಬಂದು ಸೇರುತ್ತದೆ.

ಫಲಕವನ್ನು ‘ಔಷಧ ಹೊಡೆಯುವುದು ಬೆಳಿಗ್ಗೆ ಅಥವಾ ಸಂಜೆ ತಂಪಿನಲ್ಲಿ ಮಾತ್ರ’ ಎಂದು ಬದಲಿಸಿ. ಬೇಡದ ಚಿತ್ರವನ್ನು ಕಟ್ಟಿಸಿ ಕೆಡವುವ ಬದಲು ಬೇಕಾದದ್ದನ್ನೇ ಕಟ್ಟಿಸಿ. ನಿಷೇಧ ಹಾಕಲೇಬೇಕಾದಲ್ಲಿ, ಉದಾಹರಣೆಗೆ ಖಾಲಿ ಡಬ್ಬಿಯಲ್ಲಿ ನೀರು ತುಂಬುವುದರ ಬಗ್ಗೆ, ಒಂದು ವಾಕ್ಯಕ್ಕೆ ಒಂದೇ ‘ಬೇಡ’ ಇರಲಿ. ‘ತುಂಬದಿರಲು ಮರೆಯಬೇಡಿ’ ಎಂಬಂಥ ಎರಡು ಇಲ್ಲಗಳನ್ನು ಓದುಗ ಲೆಕ್ಕ ಹಾಕಬೇಕಾಗುತ್ತದೆ, ಅರ್ಧದಷ್ಟು ಜನ ಹಾಕುವುದೇ ಇಲ್ಲ ಎಂದುಕೊಂಡೇ ಬರೆಯಿರಿ.

ಪ್ರಶ್ನೆ: ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನನ್ನ ತಲೆಯಲ್ಲಿ ಅರ್ಥಗಳ ಎರಡು ಸಂಗ್ರಹ ಇವೆಯೇ?
– ಬಳ್ಳಾರಿ

ಉತ್ತರ: ಪದಗಳ ರೂಪ ಎರಡು, ಅರ್ಥ ಬಹುಮಟ್ಟಿಗೆ ಒಂದೇ. ಒಂದು ಭಾಷೆಯ ಪದ ಕಣ್ಣಮುಂದೆ ಹಾದುಹೋದರೆ ಇನ್ನೊಂದು ಭಾಷೆಯ ಸಮಾನ ಪದವನ್ನು ಗುರುತಿಸುವುದು ಬೇಗವಾಗುತ್ತದೆ. ಮೊದಲ ಭಾಷೆಯಿಂದ ಎರಡನೆಯದಕ್ಕೆ ಈ ಸಹಾಯ ಹೆಚ್ಚು. ಸುದ್ದಿ ನೆನಪಿದ್ದು, ಅದನ್ನು ಯಾವ ಭಾಷೆಯಲ್ಲಿ ಕೇಳಿದಿರಿ ಎಂಬುದು ಮರೆತಿರುವುದೂ ಇದರಿಂದಲೇ. ತೊಂದರೆ ಬರುವುದು ಎರಡೂ ಕಡೆ ರೂಪ ಒಂದೇ ಆಗಿ ಅರ್ಥ ಬೇರೆಯಾದಲ್ಲಿ: ಕನ್ನಡದಲ್ಲಿ ‘ಪಾಲು’ ಎಂದಾಗ ತೆಲುಗಿನಲ್ಲಿ ಅದಕ್ಕಿರುವ ‘ಹಾಲು’ ಎಂಬ ಅರ್ಥವೂ ಒಂದು ಕ್ಷಣ ಕದಲಬಹುದು. ಮಾತಿನ ಸಂದರ್ಭ ಅದನ್ನು ಬೇಗನೆ ಹತ್ತಿಕ್ಕುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.