ಚಂದ್ರ ಮೊಟ್ಟೆಯಾದರೆ ಆಗಲಿ, ನನ್ನ ತಕರಾರು ಬೇರೆ

ಬ್ರಿಟನ್ನಿನ ‘ಡಾಕ್ಟರ್ ಹೂ’ ಟೀವಿ ಧಾರಾವಾಹಿಯ ‘ಕಿಲ್ ದ ಮೂನ್’ ಎಪಿಸೋಡನ್ನು ಕೆಲವರು ಅದ್ಭುತ ಅಂತಾರೆ, ಕೆಲವರು ಇಷ್ಟು ಪೆದ್ದು ಕತೆ ನೋಡೇ ಇಲ್ಲ ಅಂತಾರೆ, ನಿಮಗೇನನ್ನಿಸಿತು, ನೋಡಬಹುದಾ ಎಂದು ಕೇಳಿದ್ದೀರಿ. ನನಗೆ ಎರಡೂ ಅನ್ನಿಸಿತು. ಅದೂ ಒಂದೇ ಮುಕ್ಕಾಲು ಗಂಟೆಯಲ್ಲಿ.

ಮೂರು ಸಲ ನೋಡಿದ್ದೇನೆ. ಮೂರು ಸಲವೂ ನಡುವೆ ಒಮ್ಮೆ ನಿಲ್ಲಿಸಿ ಎದ್ದು ಹೋಗಿದ್ದೇನೆ. ಮೂರು ಸಲವೂ ಕೊನೆಯ ಐದು ನಿಮಿಷವನ್ನು ಕಣ್ಣು ಮಿಟುಕಿಸದೆ ನೋಡಿದ್ದೇನೆ. ಕತೆಯ ಕೊನೆಯನ್ನು ಹೇಳದೆ ಇದನ್ನು ವಿವರಿಸಲು ಆಗುವುದಿಲ್ಲ. ಗುಟ್ಟು ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಇಲ್ಲೇ ನಿಲ್ಲಿಸಿ.

ಇದು 2014ರ ಅಕ್ಟೋಬರ್ 4ರಂದು ಪ್ರಸಾರವಾದದ್ದು. ಬರೆದವರು ಪೀಟರ್ ಹಾರ್ನೆಸ್. ಕತೆ ನಡೆಯುವುದು 2049ರಲ್ಲಿ. ಚಂದ್ರನ ತೂಕ ಇದ್ದಕ್ಕಿದ್ದಂತೆ ಹೆಚ್ಚಿದೆ, ಭೂಮಿಯ ಮೇಲೆ ಸಮುದ್ರಗಳು ಉಕ್ಕಿ ಊರುಗಳನ್ನು ನುಂಗಿವೆ. ಮ್ಯೂಸಿಯಮ್ಮಿನಿಂದ ಎತ್ತಿಕೊಂಡು ಬಂದ ಹಳೇ ಬಾಹ್ಯಾಕಾಶ ಶಟಲ್ಲಿನಲ್ಲಿ ಲುಂಡ್ವಿಕ್ ಎಂಬ ಗಗನಯಾತ್ರಿ ಅಣುಬಾಂಬುಗಳನ್ನು ತುಂಬಿಕೊಂಡು ಚಂದ್ರನ ಮೇಲೆ ಇಳಿಯುತ್ತಾಳೆ. ಅಲ್ಲೇ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ನಾಯಕ ಡಾಕ್ಟರ್, ಅವನ ಜೊತೆಗಾತಿ ಕ್ಲಾರಾ, ಕ್ಲಾರಾಳ ಶಾಲೆಯ ಹುಡುಗಿ ಕೋರ್ಟ್ನಿ ಕೂಡ ಬಂದಿರುತ್ತಾರೆ. ಆಮೇಲೆ ಗೊತ್ತಾಗುತ್ತದೆ: ಚಂದ್ರ ಕಲ್ಲುಗುಂಡಲ್ಲ, ಮೊಟ್ಟೆ. ಒಳಗಿನ ಮರಿ ಹೊರಬರುವ ಹೊತ್ತಾಗಿದೆ. ಕೊಲ್ಲುವುದಾ, ಬಿಡುವುದಾ?

ಎಲ್ಲರೂ ಬೈಯುವುದು ಈ ಮೊಟ್ಟೆಯನ್ನು. ನನಗೆ ಮೊಟ್ಟೆಯ ಬಗ್ಗೆ ಬೇಸರವಿಲ್ಲ. ಹೊರಗಿಂದ ಚಿಕ್ಕ ಡಬ್ಬ, ಒಳಗೆ ಅರಮನೆಯಷ್ಟು ಜಾಗ ಇರುವ ಟಾರ್ಡಿಸನ್ನು, ಅಂದರೆ ಡಾಕ್ಟರ್ ಓಡಾಡುವ ನೌಕೆಯನ್ನು, ಇಷ್ಟು ವರ್ಷ ಒಪ್ಪಿಕೊಂಡವನು ಮೊಟ್ಟೆಗೆ ಯಾಕೆ ಮುಖ ಸಿಂಡರಿಸಲಿ? ಒಂದು ದೊಡ್ಡ ಸುಳ್ಳನ್ನು ನಾನು ಯಾವ ಕತೆಗಾದರೂ ಬಿಟ್ಟುಕೊಡುತ್ತೇನೆ. ಆದರೆ ಇವರು ಲೆಕ್ಕ ಹೇಳಲು ಹೋಗಿದ್ದಾರೆ. ಚಂದ್ರನ ತೂಕ 130 ಕೋಟಿ ಟನ್ ಜಾಸ್ತಿಯಾಗಿದೆಯಂತೆ. ಅದಕ್ಕೇ ಅಲ್ಲಿ ಭೂಮಿಯ ಮೇಲೆ ನಡೆದ ಹಾಗೆ ನಡೆಯಬಹುದಂತೆ. ಡಾಕ್ಟರ್ ಯೋ-ಯೋ ಆಡಿಸಿ ಆ ಸೆಳೆತದ ಪರೀಕ್ಷೆ ಬೇರೆ ಮಾಡುತ್ತಾನೆ.

130 ಕೋಟಿ ಟನ್ ಅಂದರೆ ಕಿವಿಗೆ ದೊಡ್ಡದೇ. ಆದರೆ ನಿಜವಾದ ಚಂದ್ರನ ತೂಕ ಎಷ್ಟು ಅಂದರೆ, 735 ಬರೆದು ಮುಂದೆ 17 ಸೊನ್ನೆ ಹಾಕಿ, ಅಷ್ಟು ಟನ್. ಐವತ್ತು ಕೆಜಿಯ ಮನುಷ್ಯ ಇದೇ ಪ್ರಮಾಣದಲ್ಲಿ ದಪ್ಪಗಾದರೆ ಅವನಿಗೆ ಸೇರುವುದು ಹೆಚ್ಚುಕಡಿಮೆ ಒಂದು ಮೈಕ್ರೋಗ್ರಾಮ್. ಉಪ್ಪಿನ ಒಂದು ಹರಳಿನಲ್ಲಿ ಐವತ್ತರ ಒಂದು ಪಾಲೂ ಇಲ್ಲ! ಅಷ್ಟಕ್ಕೆ ಸಮುದ್ರ ಉಕ್ಕುತ್ತದೆಯೇ? ಚಂದ್ರನ ಮೇಲೆ ಭೂಮಿಯಷ್ಟೇ ಸೆಳೆತ ಬರಬೇಕಾದರೆ, ಗಾತ್ರ ಹಾಗೇ ಇದ್ದು ತೂಕ ಆರು ಪಟ್ಟಾಗಬೇಕು. ಇನ್ನೊಂದು ಮಾತು. ಕಾವು ಕೂತ ಮೊಟ್ಟೆ ಭಾರವಾಗುವುದಿಲ್ಲ. ಕೋಳಿಮೊಟ್ಟೆಯ ಚಿಪ್ಪಿನ ಸಣ್ಣ ತೂತುಗಳಿಂದ ನೀರು ಆವಿಯಾಗಿ ಹೋಗುತ್ತಾ, ಇಪ್ಪತ್ತೊಂದು ದಿನದಲ್ಲಿ ಅದು ಹಗುರಾಗುತ್ತದೆ. ಮರಿ ಬೆಳೆಯುವುದು ಒಳಗೆ ಮೊದಲೇ ಇದ್ದದ್ದರಿಂದಲೇ ಅಲ್ವಾ? ಸುಮ್ನೆ ‘ತೂಕ ಹೆಚ್ಚಿದೆ’ ಅಂದು ಮುಂದೆ ಹೋಗಿದ್ದರೆ ನಾನೂ ಹಿಂದೆಯೇ ಹೋಗುತ್ತಿದ್ದೆ. ಅಂಕಿ ಕೊಟ್ಟರು, ನಾನು ನಿಲ್ಲಿಸಿ ಎದ್ದೆ.

ಹೊಗಳಬೇಕಾದ್ದನ್ನೂ ಹೇಳಬೇಕು. ಮೊದಲ ಅರ್ಧ ನಿಜಕ್ಕೂ ಹೆದರಿಸುತ್ತದೆ. ಚಂದ್ರನ ನೆಲವನ್ನು ಸ್ಪೇನಿನ ಲಾಂಜರೋಟೆ ದ್ವೀಪದ ಜ್ವಾಲಾಮುಖಿ ಬಯಲಿನಲ್ಲಿ ಚಿತ್ರೀಕರಿಸಿದ್ದಾರೆ, ಆ ಕಪ್ಪು ಬರಡನ್ನು ನೋಡಿದರೇ ಮೈ ಜುಮ್ಮೆನ್ನುತ್ತದೆ. ಕತ್ತಲಲ್ಲಿ ನಾಯಿಗಿಂತ ದೊಡ್ಡ ಜೇಡಗಳು. ಅವು ಕೋರ್ಟ್ನಿಯ ಮೇಲೆ ಬಿದ್ದಾಗ ಅವಳು ಏನು ಮಾಡುತ್ತಾಳೆ ಗೊತ್ತಾ? ಕ್ರಿಮಿನಾಶಕ ಸ್ಪ್ರೇ ಹೊಡೆಯುತ್ತಾಳೆ. ಸಿಂಕು, ಮೇಜು ಒರೆಸುವ ಸ್ಪ್ರೇ. ಜೇಡ ಸತ್ತೇ ಹೋಗುತ್ತದೆ! ಯಾಕೆಂದರೆ ಅದು ಜೇಡವಲ್ಲ, ರೋಗಾಣು. ರೋಗಾಣುವೇ ಇಷ್ಟು ದೊಡ್ಡದಾದರೆ, ಅದು ಅಂಟಿಕೊಂಡಿರುವ ಪ್ರಾಣಿ ಎಷ್ಟು ದೊಡ್ಡದಿರಬೇಡ? ಒಂದು ಸ್ಪ್ರೇ ಬಾಟಲಿಯಿಂದ ಇಡೀ ಕತೆಯ ಗಾತ್ರ ತೋರಿಸಿಬಿಟ್ಟರು. ವಿಜ್ಞಾನ ಸರಿಯಿಲ್ಲ, ಕಲ್ಪನೆ ಮಾತ್ರ ಜೋರು.

ಆಮೇಲೆ ಡಾಕ್ಟರ್ ಕೈತೊಳೆದುಕೊಳ್ಳುತ್ತಾನೆ. ಇದು ನಿಮ್ಮ ಚಂದ್ರ, ನೀವೇ ತೀರ್ಮಾನ ಮಾಡಿ ಎಂದು ಹೇಳಿ ಟಾರ್ಡಿಸ್ ಹತ್ತಿ ಹೊರಟೇಬಿಡುತ್ತಾನೆ. ಕ್ಲಾರಾ ಭೂಮಿಯ ಜನರನ್ನೇ ಕೇಳುತ್ತಾಳೆ: ಕೊಲ್ಲಿ ಅನ್ನುವವರು ದೀಪ ಆರಿಸಿ, ಬದುಕಲಿ ಅನ್ನುವವರು ಉರಿಸಿಡಿ. ದೀಪಗಳು ಒಂದೊಂದಾಗಿ ಆರಿ ಭೂಮಿ ಕಪ್ಪಾಗುತ್ತದೆ. ನೋಡಲು ಚಂದವೇ. ಆದರೆ ಚಂದ್ರನಿಗೆ ಒಂದು ಹೊತ್ತಿಗೆ ಕಾಣುವುದು ಭೂಮಿಯ ಅರ್ಧ. ಅದರಲ್ಲೂ ಹಗಲಿರುವ ಕಡೆಯವರ ದೀಪ ಕಾಣುವುದಿಲ್ಲ. ಉಳಿದವರಿಗೆ ವೋಟೇ ಇಲ್ಲ! ಇರಲಿ. ಜನ ಕೊಲ್ಲಿ ಅಂದರು, ಕ್ಲಾರಾ ಕೊನೇ ಗಳಿಗೆಯಲ್ಲಿ ಬಾಂಬು ಸಿಡಿಯದಂತೆ ತಡೆದಳು.

ನನ್ನ ನಿಜವಾದ ತಕರಾರು ಶುರುವಾಗುವುದು ಇಲ್ಲಿ. ಅಷ್ಟು ದೊಡ್ಡ ತೀರ್ಮಾನಕ್ಕೆ ಯಾರೂ ಬೆಲೆ ತೆರುವುದಿಲ್ಲ. ಚಿಪ್ಪಿನ ಚೂರು ಯಾರ ತಲೆಯ ಮೇಲೂ ಬೀಳುವುದಿಲ್ಲ. ಮರಿ ರೆಕ್ಕೆ ಬಿಚ್ಚಿ ಹಾರುತ್ತದೆ, ಹಾರುತ್ತಲೇ ಒಂದು ಹೊಸ ಮೊಟ್ಟೆ ಇಡುತ್ತದೆ, ಅದೇ ಹೊಸ ಚಂದ್ರ. ಈಗ ತಾನೇ ಹುಟ್ಟಿದ ಮರಿ, ತಾನು ಬಂದ ಮೊಟ್ಟೆಯಷ್ಟೇ ದೊಡ್ಡ ಮೊಟ್ಟೆ! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇದನ್ನು ಗರ್ಭಪಾತದ ಕತೆ ಎಂದು ಓದಿ ಸಿಟ್ಟಾದವರೂ ಇದ್ದಾರೆ. ಹೋಲಿಕೆ ಕಾಣುತ್ತದೆ ನಿಜ, ಆದರೆ ಅಂಥ ಭಾರದ ವಿಷಯ ಹೊರುವ ಕತೆ ಇಷ್ಟು ಸುಲಭವಾಗಿ ಜಾರಿಕೊಳ್ಳಬಾರದಿತ್ತು.

ಇಷ್ಟಾದ ಮೇಲೆ ಆ ಐದು ನಿಮಿಷ. ಟಾರ್ಡಿಸ್ಸಿನಲ್ಲಿ ಕ್ಲಾರಾ, ಡಾಕ್ಟರ್ ಇಬ್ಬರೇ. ಎಲ್ಲ ಸುಖವಾಗಿ ಮುಗಿಯಿತಲ್ಲ ಎಂಬ ಖುಷಿಯಲ್ಲಿ ಅವನಿದ್ದಾನೆ. ಅವಳು ನಡುಗುತ್ತಿದ್ದಾಳೆ. ನಿನಗೆ ಗೊತ್ತಿತ್ತಾ ಎಂದು ಕೇಳುತ್ತಾಳೆ. ಅವನು ನಿಮ್ಮ ಮೇಲಿನ ಗೌರವದಿಂದ ಬಿಟ್ಟುಹೋದೆ ಅನ್ನುತ್ತಾನೆ. ಅವಳಿಗೆ ಅದು ಗೌರವವಾಗಿ ಕಂಡಿಲ್ಲ. ಕ್ಲಾರಾ ಆಗಿರುವ ಜೆನ್ನಾ ಕೋಲ್ಮನ್ ಇಲ್ಲಿ ಅಳುತ್ತಲೇ ಬೈಯುತ್ತಾರೆ, ಧ್ವನಿ ಒಡೆದು ಹೋಗುತ್ತದೆ. ಡಾಕ್ಟರ್ ಆಗಿರುವ ಪೀಟರ್ ಕಪಾಲ್ಡಿಯ ಮುಖ ನೋಡಬೇಕು: ತಾನು ಮಾಡಿದ ತಪ್ಪೇನೆಂದು ಆ ಮುದುಕನಿಗೆ ನಿಜಕ್ಕೂ ಹೊಳೆಯುತ್ತಿಲ್ಲ. ದೂರ ಹೋಗು ಎಂದು ಹೇಳಿ ಅವಳು ಇಳಿದು ಹೋಗುತ್ತಾಳೆ.

ಇಲ್ಲೇ ನನ್ನ ವಾದ ನನಗೇ ತಿರುಗಿ ಬೀಳುತ್ತದೆ. ಯಾರಾದರೂ ಸತ್ತಿದ್ದರೆ ಅವಳ ಸಿಟ್ಟಿಗೆ ಬೇರೆ ಕಾರಣವೇ ಬೇಕಿರಲಿಲ್ಲ. ಎಲ್ಲ ಒಳ್ಳೆಯದೇ ಆದ ಮೇಲೂ ಅವಳು ಸಿಟ್ಟಾಗಿದ್ದಾಳೆ, ಅದಕ್ಕೇ ಆ ಜಗಳ ಇಷ್ಟು ನಾಟುತ್ತದೆ. ಹಾಗಾದರೆ ನಾನು ಬೈಯುವ ಆ ಸುಲಭದ ಕೊನೆಯೇ ನಾನು ಮೆಚ್ಚುವ ದೃಶ್ಯವನ್ನು ಮಾಡಿಕೊಟ್ಟಿತಾ? ಮೂರನೇ ಸಲ ನೋಡಿದಾಗ ಹಾಗನ್ನಿಸಿತು. ಆದರೂ ಆ ಹೊಸ ಮೊಟ್ಟೆಯನ್ನು ಕ್ಷಮಿಸಲು ಆಗುತ್ತಿಲ್ಲ.

ನೋಡಿ. ಆದರೆ ಒಂದನ್ನೇ ನೋಡಿ ನಿಲ್ಲಿಸಬೇಡಿ. ಮುಂದಿನ ವಾರ ಬಂದ ‘ಮಮ್ಮಿ ಆನ್ ದ ಓರಿಯೆಂಟ್ ಎಕ್ಸ್‌ಪ್ರೆಸ್’ ಅನ್ನೂ ಅದೇ ರಾತ್ರಿ ಹಾಕಿಕೊಳ್ಳಿ. ಆ ಜಗಳವನ್ನು ಅಲ್ಲಿ ಮರೆತಿಲ್ಲ.