ಸಿಸ್ಟರ್‌ನ ಕೇಳಿ: ‘ಕೋವಿಡ್ ಬ್ಯಾಚ್ ಅಂತ ನಗ್ತಾರೆ’

(ನಿವೃತ್ತ ನರ್ಸಿಂಗ್ ಶಿಕ್ಷಕಿಯೊಬ್ಬರು ಓದುಗರಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: 2020ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೇರಿದೆ. ಮೊದಲ ವರ್ಷದ ಪಾಠ ಹೆಚ್ಚುಪಾಲು ಮೊಬೈಲ್‌ನಲ್ಲೇ ಮುಗಿಯಿತು. ಈಗ ಮಕ್ಕಳ ವಾರ್ಡಿನಲ್ಲಿ ಕೆಲಸ. ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳದೊಳಗೆ ಇಡುವ ನಳಿಗೆ) ಹಾಕುವಾಗ ಕೈ ನಡುಗುತ್ತದೆ. ‘ಕೋವಿಡ್ ಬ್ಯಾಚು ಅಲ್ವಾ’ ಅಂತ ಸೀನಿಯರ್‌ಗಳು ನಗುತ್ತಾರೆ. ಕೆಲಸ ಬಿಟ್ಟುಬಿಡಲಾ?
– ಹೆಸರು ಬೇಡ, ಸಾಗರ

ಉತ್ತರ: ಬಿಡಬೇಡಮ್ಮಾ. ಕಿರುಚುವ ಮಗುವಿನ ಕೈ ಹಿಡಿದರೆ ಯಾವ ಬ್ಯಾಚಿನವರಿಗಾದರೂ ಮೊದಮೊದಲು ನಡುಕವೇ. ನಗುವ ಆ ಸೀನಿಯರ್‌ಗಳಿಗೂ ನಡುಗಿತ್ತು. ಅವರಿಗೆ ಓದುವಾಗಲೇ ನಡುಗಿತು, ಪಕ್ಕದಲ್ಲಿ ನನ್ನಂಥ ಟೀಚರ್ ನಿಂತಿದ್ದರು. ನಿನಗೆ ಸಂಬಳ ತಗೊಳ್ಳುವಾಗ ನಡುಗುತ್ತಿದೆ. ಇಷ್ಟೇ ವ್ಯತ್ಯಾಸ.

ಆ ವರ್ಷ ನಾನೂ ಮೊಬೈಲ್ ಮುಂದೆ ಕೂತು ಪಾಠ ಮಾಡಿದವಳು. ಹಾಸಿಗೆ ಹಾಸುವುದು, ಬಿಪಿ ನೋಡುವುದು ಹೇಗೋ ಆಯಿತು. ಒಬ್ಬಳು ಹುಡುಗಿ ಮನೆಯ ಅಜ್ಜಿಯನ್ನೇ ಪೇಷೆಂಟ್ ಮಾಡಿ, ಮಲಗಿಸಿದಲ್ಲೇ ಮೈ ಒರೆಸಿ ವಿಡಿಯೋ ಕಳಿಸಿದ್ದಳು. ‘ಬೆನ್ನು ಇನ್ನೊಂಚೂರು ತಿಕ್ಕೇ’ ಅಂತ ಅಜ್ಜಿಯ ದನಿ ಬೇರೆ. ಪೂರ್ತಿ ಮಾರ್ಕ್ಸ್ ಕೊಟ್ಟೆ. ಆದರೆ ನರ, ಅಂದರೆ ರಕ್ತನಾಳ, ಬೆರಳಿಗೆ ಹೇಗೆ ಸಿಗುತ್ತದೆ ಅನ್ನುವುದನ್ನು ಸ್ಕ್ರೀನಿನಲ್ಲಿ ಯಾರು ತಾನೇ ತೋರಿಸಲು ಆದೀತು?

ಅದನ್ನು ಈಗ ಕಲಿ. ಮೊದಲು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ, ಕೆಲವು ವಾರ ದೊಡ್ಡವರ ವಾರ್ಡಿಗೆ ಹಾಕಿ ಅಂತ ಕೇಳು. ಅಲ್ಲಿ ಗುಲಾಬಿ ಬಣ್ಣದ 20 ಗೇಜ್ ಕ್ಯಾನುಲಾ, ಎದ್ದು ಕಾಣುವ ನರ. ಕೈ ಪಳಗಲಿ. ಆಮೇಲೆ ಮಕ್ಕಳಿಗೆ ಹಾಕುವ ಇನ್ನೂ ತೆಳುವಾದ ಹಳದಿ 24 ಗೇಜ್‌ಗೆ ಬಾ. ಮಗುವಿನ ಕೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡು. ನರವನ್ನು ಕಣ್ಣಲ್ಲಿ ಹುಡುಕಬೇಡ, ಬೆರಳಲ್ಲಿ ಹುಡುಕು. ಒತ್ತಿದರೆ ತಗ್ಗಬೇಕು, ಬಿಟ್ಟರೆ ಮೇಲೆ ಬರಬೇಕು. ಸೂಜಿಯ ಹಿಂದೆ ರಕ್ತ ಕಂಡ ಕೂಡಲೇ ಖುಷಿಯಿಂದ ಸೂಜಿ ಎಳೆದುಬಿಡುತ್ತಾರೆ ಹೊಸಬರು. ಎಳೀಬೇಡ. ಇನ್ನು ಕೂದಲೆಳೆಯಷ್ಟು ಮುಂದೆ ಹೋಗಿ, ಸೂಜಿಯನ್ನು ಹಿಡಿದುಕೊಂಡೇ ಪ್ಲಾಸ್ಟಿಕ್ ನಳಿಗೆಯನ್ನು ಒಳಗೆ ಜಾರಿಸು. ಎರಡು ಸಲ ಆಗಲಿಲ್ಲವಾ, ಬೇರೆಯವರಿಗೆ ಬಿಟ್ಟುಕೊಡು. ಮೂರನೇ ಚುಚ್ಚು ನಿನ್ನ ಹಠಕ್ಕೆ, ಮಗುವಿಗಲ್ಲ.

ಪ್ರಶ್ನೆ: ಮಗ 2016ರಲ್ಲಿ ಎಂಬಿಬಿಎಸ್ ಸೇರಿದ. ಇಂಟರ್ನ್‌ಶಿಪ್‌ನ (ಓದು ಮುಗಿದ ಮೇಲಿನ ಆಸ್ಪತ್ರೆ ತರಬೇತಿ) ಬಹುಪಾಲು ಕೋವಿಡ್ ವಾರ್ಡಿನಲ್ಲೇ ಹೋಯಿತು. ಹೆರಿಗೆ ಸರಿಯಾಗಿ ನೋಡಿಯೇ ಇಲ್ಲ ಅಂತಾನೆ. ಪಿಜಿ (ಸ್ನಾತಕೋತ್ತರ) ಸೀಟೂ ಸಿಗಲಿಲ್ಲ. ಈಗ ಊರಲ್ಲೇ ಕ್ಲಿನಿಕ್ ತೆಗೀತೀನಿ ಅನ್ನುತ್ತಿದ್ದಾನೆ. ತೆಗೆಯಲು ಬಿಡಲಾ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ನಿಮ್ಮ ಮಗ ಕಮ್ಮಿ ಕೆಲಸ ಮಾಡಿಲ್ಲ ಸ್ವಾಮಿ, ಒಂದೇ ಕೆಲಸ ಜಾಸ್ತಿ ಮಾಡಿದ್ದಾನೆ. 2021ರ ಮೇ 3ರಂದು ಕೇಂದ್ರ ಸರ್ಕಾರ ಇಂಟರ್ನ್‌ಗಳನ್ನು ಕೋವಿಡ್ ಡ್ಯೂಟಿಗೆ ಹಾಕಬಹುದು ಅಂತ ಹೇಳಿತು. ಕೊನೇ ವರ್ಷದ ಹುಡುಗರನ್ನೂ ಫೋನಿನಲ್ಲಿ ಸಲಹೆ ಕೊಡಲು, ಸಣ್ಣ ಲಕ್ಷಣದವರನ್ನು ನೋಡಿಕೊಳ್ಳಲು ಬಳಸಿ ಎಂದಿತು. ನೂರು ದಿನ ಡ್ಯೂಟಿ ಮಾಡಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಅಂತಲೂ ಸೇರಿಸಿತು. ಏಪ್ರಿಲ್ 18ಕ್ಕೆ ಇದ್ದ ನೀಟ್ ಪಿಜಿ, ಅಂದರೆ ಪಿಜಿ ಸೀಟಿನ ಪ್ರವೇಶ ಪರೀಕ್ಷೆ, ಸೆಪ್ಟೆಂಬರ್ 11ಕ್ಕೆ ಹೋಯಿತು. ಸೀಟು ಹಂಚುವ ಕೌನ್ಸೆಲಿಂಗ್ ಶುರುವಾಗಿದ್ದು 2022ರ ಜನವರಿಯಲ್ಲಿ. ಅಷ್ಟೂ ದಿನ ಹೊಸ ಪಿಜಿಗಳು ವಾರ್ಡಿಗೆ ಬರಲಿಲ್ಲ. ಆ ಹೊರೆ ಬಿದ್ದಿದ್ದು ಯಾರ ಮೇಲೆ? ಇದ್ದ ಪಿಜಿಗಳು ಮತ್ತು ನಿಮ್ಮ ಮಗನಂಥ ಇಂಟರ್ನ್‌ಗಳ ಮೇಲೆ.

ಆಕ್ಸಿಜನ್ ಇಳಿಯುತ್ತಿರುವವರನ್ನು ಬೋರಲು ಮಲಗಿಸುವುದು, ಪಿಪಿಇ ಒಳಗೆ ಬೆವರಿ ನೆನೆದು ರಾತ್ರಿ ಕಳೆಯುವುದು, ಮನೆಯವರಿಗೆ ಫೋನಿನಲ್ಲೇ ಸಾವಿನ ಸುದ್ದಿ ಹೇಳುವುದು, ಇದನ್ನೆಲ್ಲ ಆ ವಯಸ್ಸಿಗೇ ಮಾಡಿದ್ದಾನೆ. ಮಾಡದೇ ಉಳಿದದ್ದು ಸಾದಾ ಕಾಯಿಲೆಗಳು. ಹರ್ನಿಯಾ, ಕಾಮಾಲೆ, ಹಾವು ಕಚ್ಚಿದ್ದು, ರಾತ್ರಿ ಮೂರಕ್ಕೆ ಬರುವ ಹೆರಿಗೆ ನೋವು. ಹಳ್ಳಿ ಕ್ಲಿನಿಕ್ಕಿಗೆ ಬರುವುದೇ ಇಂಥವು, ಅಲ್ವಾ? ಆದ್ದರಿಂದ ಕ್ಲಿನಿಕ್ ಒಂದು ವರ್ಷ ತಡವಾಗಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕರೆ ಸೇರಲಿ, ಕ್ಯಾಷುವಾಲ್ಟಿ ಡ್ಯೂಟಿ ಕೇಳಿ ಹಾಕಿಸಿಕೊಳ್ಳಲಿ. ಹೆರಿಗೆ ವಾರ್ಡಿನ ಹಳೇ ಸಿಸ್ಟರ್‌ಗಳ ಜೊತೆ ಸ್ವಲ್ಪ ಚಹಾ ಕುಡಿಯಲಿ. ಪುಸ್ತಕದಲ್ಲಿ ಇಲ್ಲದ್ದು ಅವರ ಹತ್ತಿರ ಇದೆ. (ಡಾಕ್ಟರುಗಳಿಗೆ ಸಿಟ್ಟು ಬಂದರೆ ಬರಲಿ.)

ಪ್ರಶ್ನೆ: ಓದುವ ಮಕ್ಕಳನ್ನು ಸಾಂಕ್ರಾಮಿಕದ ವಾರ್ಡಿಗೆ ದೂಡಿದ್ದು ಇದೇ ಮೊದಲಾ?
– ಕಾಲೇಜು ವಿದ್ಯಾರ್ಥಿ, ವಿಜಯಪುರ

ಉತ್ತರ: ಅಲ್ಲ. 1952ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಬ್ಲೆಗ್‌ಡಾಮ್ ಆಸ್ಪತ್ರೆಗೆ ಬರತೊಡಗಿದರು. ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟು. ಯಂತ್ರಕ್ಕೆ ಹಾಕಿದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು 12 ವರ್ಷದ ಹುಡುಗಿಯೊಬ್ಬಳ ಗಂಟಲಲ್ಲಿ ರಂಧ್ರ ಮಾಡಿಸಿ, ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತಿ ಉಸಿರು ಕೊಟ್ಟರು. ಹುಡುಗಿ ಬದುಕಿದಳು.

ಸರಿ, ಆದರೆ ಹಗಲೂ ರಾತ್ರಿ ಚೀಲ ಒತ್ತುವವರು ಯಾರು? ಮೆಡಿಕಲ್, ಡೆಂಟಲ್ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1,500 ಮಂದಿ ಪಾಳಿಯಲ್ಲಿ ಬಂದರು. ಒಂದು ಹಂತದಲ್ಲಿ ಒಟ್ಟಿಗೇ 70 ರೋಗಿಗಳು ಇವರ ಕೈಯ ಉಸಿರಿನ ಮೇಲೆ ಇದ್ದರು. ಕೈ ನಿಂತರೆ ಉಸಿರು ನಿಂತಂತೆ. ಹೀಗೆ ತಿಂಗಳುಗಟ್ಟಲೆ ನಡೆಯಿತು, ಸಾವು ಬಹಳ ಇಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದೇ ಅಲ್ಲಿಂದ ಅಂತ ಹೇಳುವವರು ಬಹಳ. ನನ್ನ ಮಟ್ಟಿಗೆ, ಮಕ್ಕಳನ್ನು ಕರೆದದ್ದು ತಪ್ಪಲ್ಲ. ಊಟ, ವಸತಿ, ಸ್ಟೈಪೆಂಡ್ ಸರಿಯಾಗಿ ಕೊಡದೆ ಕರೆಯುವುದು ತಪ್ಪು.

ಪ್ರಶ್ನೆ: ಕೋವಿಡ್ ಕಾಲದಲ್ಲಿ ಮಾಡಿದಂತೆ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ನರ್ಸಿಂಗ್ ಕೋರ್ಸ್ ಅಂತ ಜಾಹೀರಾತು ಬಂದಿದೆ. ತಂಗಿಯನ್ನು ಸೇರಿಸಲಾ?
– ಗೃಹಿಣಿ, ತುಮಕೂರು

ಉತ್ತರ: ಬೇಡವೇ ಬೇಡ. ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗದ ಸರ್ಟಿಫಿಕೇಟು ಸುಮ್ನೆ ಕಾಗದ. ಕಾಲೇಜಿಗೆ ಮಾನ್ಯತೆ ಇದೆಯಾ ನೋಡಿ. ಆಮೇಲೆ ಎರಡೇ ಪ್ರಶ್ನೆ ಕೇಳಿ: ನಿಮ್ಮ ಮಕ್ಕಳು ಯಾವ ಆಸ್ಪತ್ರೆಗೆ ಪೋಸ್ಟಿಂಗ್ ಹೋಗ್ತಾರೆ, ಅಲ್ಲಿ ಬೆಡ್ ಎಷ್ಟು? ಉತ್ತರ ಕೊಡಲು ತಡವರಿಸಿದರೆ ಅಡ್ವಾನ್ಸ್ ಕಟ್ಟದೆ ವಾಪಸ್ ಬನ್ನಿ.