ಕಾಲಿನ ಜಿಪಿಎಸ್ ಪಟ್ಟಿ: ಪಕ್ಕದ ಮನೆಯ ವೈಫೈ ಮೇಲೆ ಗೂಬೆ ಕೂರಿಸಬೇಡಿ

2023ರ ನವೆಂಬರಿನಲ್ಲಿ ಜಮ್ಮುವಿನ ಎನ್‌ಐಎ ವಿಶೇಷ ನ್ಯಾಯಾಲಯದ ಆದೇಶದಂತೆ, ಜಾಮೀನು ಪಡೆದ ಆರೋಪಿಯೊಬ್ಬರ ಕಾಲಿಗೆ ಅಲ್ಲಿನ ಪೊಲೀಸರು ಜಿಪಿಎಸ್ ಪಟ್ಟಿ ಕಟ್ಟಿದ ಸುದ್ದಿ ಬಂದಾಗಿನಿಂದ ಈ ಅಂಕಣಕ್ಕೆ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವಷ್ಟು ತಾಳ್ಮೆ ನನಗೆ ಉಳಿದಿಲ್ಲ. ಜಿಪಿಎಸ್ ಎಂದರೇನು, ಉಪಗ್ರಹದಿಂದ ಸ್ಥಳ ತಿಳಿಯುವುದು ಹೇಗೆ ಎಂಬ ಪಾಠವನ್ನು ಇಲ್ಲಿ ಮಾಡುವುದಿಲ್ಲ. ಅದು ಶಾಲಾ ಪುಸ್ತಕದಲ್ಲೇ ಸಿಗುತ್ತದೆ.

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ವಲಸೆ ಇಲಾಖೆಯವರು ಅವನ ಕಾಲಿಗೆ ಟ್ರ್ಯಾಕರ್ ಕಟ್ಟಿದ್ದಾರೆ. ರಾತ್ರಿ ಮನೆಯಲ್ಲೇ ಮಲಗಿದ್ದರೂ ಎರಡು ಬೀದಿ ಆಚೆ ಇದ್ದನೆಂದು ದಾಖಲಾಗುತ್ತಿದೆಯಂತೆ. ಪಕ್ಕದ ಮನೆಯ ವೈಫೈ ಮತ್ತು ಮೈಕ್ರೋವೇವ್ ಒಲೆ ಅಡ್ಡಿ ಮಾಡುತ್ತಿವೆ ಎಂದು ಅವನ ಗೆಳೆಯರು ಹೇಳುತ್ತಾರೆ. ನಿಜವೇ? (ಶಿವಮೊಗ್ಗದ ಓದುಗರು)

ಉತ್ತರ: ನಿಜವಲ್ಲ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2450 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಮನೆಯ ವೈಫೈ ಅದೇ ನೆರೆಯಲ್ಲಿ ಅಥವಾ 5000 ಮೆಗಾಹರ್ಟ್ಸ್‌ನ ಮೇಲೆ. ಜಿಪಿಎಸ್‌ನ ಮುಖ್ಯ ಸಂಕೇತ ಬರುವುದು 1575.42 ಮೆಗಾಹರ್ಟ್ಸ್‌ನಲ್ಲಿ. ಆವರ್ತನಗಳೇ ಬೇರೆಯಾದ್ದರಿಂದ ಅವು ಇದಕ್ಕೆ ಅಡ್ಡ ಬರುವುದಿಲ್ಲ. ತಪ್ಪು ಸ್ಥಳ ದಾಖಲಾದಾಗಲೆಲ್ಲ ಯಾರೋ ಅಡ್ಡಿ ಮಾಡಿದರು ಎನ್ನುವುದು ಒಂದು ಚಟವಾಗಿಬಿಟ್ಟಿದೆ. ಆ ಚಟದಿಂದ ಆಗುವ ನಷ್ಟವೆಂದರೆ, ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ.

ಕಾಲಿನ ಟ್ರ್ಯಾಕರ್‌ನಲ್ಲಿ ಕನಿಷ್ಠ ಎರಡು ರೇಡಿಯೋಗಳಿರುತ್ತವೆ. ಒಂದು ಉಪಗ್ರಹಗಳ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಅದು ಏನನ್ನೂ ಕಳುಹಿಸುವುದಿಲ್ಲ. ಇನ್ನೊಂದು ಸಿಮ್ ಇರುವ ಮೊಬೈಲಿನಂತೆಯೇ ಹತ್ತಿರದ ಟವರ್ ಮೂಲಕ ಸ್ಥಳವನ್ನು ನಿಗಾ ಕೇಂದ್ರಕ್ಕೆ ತಿಳಿಸುತ್ತದೆ. ಎರಡರಲ್ಲಿ ಸೋಲುವುದು ಹೆಚ್ಚಾಗಿ ಮೊದಲನೆಯದು. ಉಪಗ್ರಹ ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅದರ ಪ್ರಸಾರ ಶಕ್ತಿ ನಮ್ಮ ಹಳೆಯ ಕಾಲದ ಬಲ್ಬಿನಷ್ಟು, ಕೆಲವು ಹತ್ತು ವ್ಯಾಟ್‌ಗಳು ಮಾತ್ರ. ನೆಲಕ್ಕೆ ತಲುಪುವ ಹೊತ್ತಿಗೆ ಅದು ಒಂದು ವ್ಯಾಟ್‌ನ ನೂರು ಕೋಟಿ ಕೋಟಿಯಲ್ಲಿ ಒಂದು ಪಾಲಿನಷ್ಟಾಗಿ, ರಿಸೀವರಿನ ಒಳಗಿನ ಸಹಜ ಗದ್ದಲಕ್ಕಿಂತಲೂ ಕೆಳಗಿರುತ್ತದೆ. ಪ್ರತಿ ಉಪಗ್ರಹಕ್ಕೂ ಮೊದಲೇ ಗೊತ್ತಿರುವ ಸಂಕೇತ ಮಾಲೆಯೊಂದು ಇರುವುದರಿಂದ ಮಾತ್ರ ರಿಸೀವರು ಅದನ್ನು ಆ ಗದ್ದಲದೊಳಗಿಂದ ಹೆಕ್ಕಿ ತೆಗೆಯಬಲ್ಲದು. ಬಯಲಿನಲ್ಲಿ ಸಾಮಾನ್ಯ ಮೊಬೈಲು ಐದು ಮೀಟರಿನೊಳಗೆ ಸ್ಥಳ ಹೇಳುತ್ತದೆ. ಅದನ್ನೇ ಕಾಂಕ್ರೀಟು ಚಾವಣಿಯ ಕೆಳಗೆ, ನೆಲಮಾಳಿಗೆಯಲ್ಲಿ ಅಥವಾ ಲೋಹದ ತೆಳುಪದರ ಬಳಿದ ಕಿಟಕಿ ಗಾಜಿನ ಹಿಂದೆ, ಅದೂ ಕಂಬಳಿಯೊಳಗಿನ ಕಾಲಿನಲ್ಲಿ ಇಟ್ಟು ನಿಖರತೆ ಬಯಸಿದರೆ ಅದು ಎಲ್ಲಿಂದ ಬರಬೇಕು?

ನೇರ ಸಂಕೇತ ಸಿಗದಿದ್ದಾಗ ಎದುರಿನ ಕಟ್ಟಡಕ್ಕೆ ಬಡಿದು ಬಂದ ಸಂಕೇತವೇ ರಿಸೀವರಿಗೆ ಗತಿ. ಅದು ಸುತ್ತಿ ಬಂದಿರುವುದರಿಂದ ದೂರದ ಲೆಕ್ಕ ತಪ್ಪುತ್ತದೆ. ಅದೂ ಸಿಗದಿದ್ದರೆ ಹಲವು ಸಾಧನಗಳು ಮೊಬೈಲ್ ಟವರಿನ ಅಂದಾಜಿಗೆ ಇಳಿಯುತ್ತವೆ. ಅಲ್ಲಿ ತಪ್ಪು ನೂರಾರು ಮೀಟರು, ಕೆಲವೊಮ್ಮೆ ಕಿಲೋಮೀಟರು. ನಿಮ್ಮ ತಂಗಿಯ ಮಗನ ದಾಖಲೆಯ ಮುದ್ರಿತ ಪ್ರತಿ ಸಿಕ್ಕರೆ ನೋಡಿ: 2.10ಕ್ಕೆ ಮನೆ, 2.11ಕ್ಕೆ ಎರಡು ಬೀದಿ ಆಚೆ, 2.12ಕ್ಕೆ ಮತ್ತೆ ಮನೆ ಎಂದಿದ್ದು, ಬಿಂದುಗಳನ್ನು ಜೋಡಿಸಿದ ಗೆರೆ ರಸ್ತೆ ಹಿಡಿಯದೆ ಯಾರದೋ ಮನೆಗಳನ್ನು ಹಾದು ಹೋಗಿದ್ದರೆ, ಅದು ನಡಿಗೆಯ ಗುರುತಲ್ಲ, ರಿಸೀವರಿನ ತಡಕಾಟ.

ಹಾಗೆಂದು ಅಡ್ಡಿ ಎಂಬುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬಂದರಿನಲ್ಲಿ ಇಡೀ ಬಂದರಿನ ಜಿಪಿಎಸ್ ಕೈಕೊಟ್ಟಾಗ, ಹುಡುಕಿದ ಎಂಜಿನಿಯರುಗಳಿಗೆ ಸಿಕ್ಕ ಕಳ್ಳ ಎಂದರೆ ದೋಣಿಗಳ ಮೇಲಿದ್ದ, ಆಂಪ್ಲಿಫೈಯರ್ ಕೂಡಿಸಿದ ಟಿವಿ ಆಂಟೆನಾ. 2012ರಲ್ಲಿ ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣದ ಬಳಿ ಕಂಪನಿ ವಾಹನದ ಚಾಲಕನೊಬ್ಬ ಮಾಲೀಕರ ನಿಗಾ ತಪ್ಪಿಸಲು ಇಟ್ಟುಕೊಂಡಿದ್ದ ಜಾಮರ್ (ರೇಡಿಯೋ ಸಂಕೇತವನ್ನು ಕೆಡಿಸುವ ಸಾಧನ), ನಿಲ್ದಾಣದ ಜಿಪಿಎಸ್ ಆಧಾರಿತ ಇಳಿಯುವಿಕೆ ವ್ಯವಸ್ಥೆಗೇ ತೊಂದರೆ ಕೊಟ್ಟಿತು. ಅಲ್ಲಿನ ಸಂವಹನ ಆಯೋಗ ಅವನಿಗೆ ಸುಮಾರು 32 ಸಾವಿರ ಡಾಲರ್ ದಂಡದ ನೋಟಿಸ್ ಕೊಟ್ಟಿತು. ಆದರೆ ಇಂಥ ಅಡ್ಡಿ ಬಂದರೆ ಸುತ್ತಮುತ್ತಲ ಎಲ್ಲರ ಜಿಪಿಎಸ್ ಕೆಡುತ್ತದೆ, ಒಬ್ಬ ಹುಡುಗನ ಕಾಲಿನದು ಮಾತ್ರವಲ್ಲ. ಸಾಧನದ ದೋಷವನ್ನೂ ಮರೆಯಬೇಡಿ: ಕ್ಯಾಲಿಫೋರ್ನಿಯಾದ ಬಂದೀಖಾನೆ ಇಲಾಖೆ ತಾನು ಬಳಸುತ್ತಿದ್ದ ಟ್ರ್ಯಾಕರುಗಳನ್ನು 2011ರಲ್ಲಿ ಪರೀಕ್ಷಿಸಿದಾಗ ಸ್ಥಳ ಮೂರು ಮೈಲಿಯವರೆಗೆ ತಪ್ಪಿದ್ದು, ಬ್ಯಾಟರಿ ಬೇಗ ಸತ್ತಿದ್ದು, ಹೊರಕವಚ ಬಿರುಕು ಬಿಟ್ಟಿದ್ದು ಕಂಡುಬಂದಿತ್ತು.

ಆದ್ದರಿಂದ ಹುಡುಗನಿಗೆ ಹೀಗೆ ಹೇಳಿ. ಬ್ಯಾಟರಿ ಎಂದೂ ಪೂರ್ತಿ ಇಳಿಯಕೂಡದು. ಎಚ್ಚರವಿದ್ದಾಗಲೇ ಕಿಟಕಿಯ ಪಕ್ಕ ಕುಳಿತು ಚಾರ್ಜ್ ಮಾಡಿಕೊಳ್ಳಲಿ. ತಪ್ಪು ಎಚ್ಚರಿಕೆ ಬಂದ ಪ್ರತಿ ಸಲ ಗಂಟೆ, ನಿಮಿಷ, ಆಗ ತಾನು ಮನೆಯ ಯಾವ ಕೋಣೆಯಲ್ಲಿದ್ದೆ ಎಂಬುದನ್ನು ಬರೆದಿಟ್ಟು, ಅದೇ ದಿನ ಅಧಿಕಾರಿಗೆ ಬರಹದಲ್ಲಿ ತಿಳಿಸಲಿ. ಫೋನಿನಲ್ಲಿ ಯಾರೋ 'ಪರವಾಗಿಲ್ಲ ಬಿಡಿ' ಎಂದದ್ದನ್ನು ನಂಬಿ ಸುಮ್ಮನೆ ಕೂತರೆ, ವಿಚಾರಣೆಯ ದಿನ ಆ ಮಾತಿಗೆ ಸಾಕ್ಷಿ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಬಿಂದುವಿನ ಹಿಂದೆ ಎಷ್ಟು ಉಪಗ್ರಹಗಳು ಕಂಡಿದ್ದವು, ನಿಖರತೆಯ ಅಂದಾಜು ಎಷ್ಟಿತ್ತು, ಸ್ಥಳ ಜಿಪಿಎಸ್‌ನದೋ ಟವರಿನದೋ ಎಂಬ ಮೂಲ ದಾಖಲೆಯನ್ನು ವಕೀಲರು ಕೇಳಿ ಪಡೆಯಬೇಕು. ನಕ್ಷೆಯ ಮೇಲಿನ ಕೆಂಪು ಚುಕ್ಕೆ ಇದಾವುದನ್ನೂ ತೋರಿಸುವುದಿಲ್ಲ. ಮೂರು ಉಪಗ್ರಹದ ಚುಕ್ಕೆಯೂ ಹನ್ನೆರಡು ಉಪಗ್ರಹದ ಚುಕ್ಕೆಯೂ ಅಲ್ಲಿ ಒಂದೇ ಗಾತ್ರ. 2011ರಲ್ಲಿ ಅಮೆರಿಕದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ವೀಸಾ ವಂಚನೆ ಪ್ರಕರಣದಲ್ಲಿ ಭಾರತೀಯ ವಿದ್ಯಾರ್ಥಿಗಳ ಕಾಲಿಗೆ ಇಂಥ ಟ್ರ್ಯಾಕರ್ ಕಟ್ಟಿದಾಗ, ಎಸ್.ಎಂ. ಕೃಷ್ಣ ಅವರು ಸಚಿವರಾಗಿದ್ದ ವಿದೇಶಾಂಗ ಇಲಾಖೆ ಅದನ್ನು ಪ್ರತಿಭಟಿಸಿತ್ತು. ಆ ಚರ್ಚೆಯೆಲ್ಲ ಮರ್ಯಾದೆಯ ಸುತ್ತ ನಡೆಯಿತು, ಅದು ಸರಿಯೇ. ಅಳತೆಯ ತಪ್ಪಿನ ಬಗ್ಗೆ ಕೇಳಿದವರು ಕಡಿಮೆ.

ಪ್ರಶ್ನೆ: ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಸಿಗ್ನಲ್ ನಿಲ್ಲುತ್ತದೆಯಂತೆ?

ಉತ್ತರ: ಸಿಗ್ನಲ್ ನಿಂತದ್ದೂ ಒಂದು ದಾಖಲೆಯೇ, ಮತ್ತು ಜಾಮೀನು ಕಳೆದುಕೊಳ್ಳಲು ಅದು ಸಾಕು, ಇದನ್ನು ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ದಿನವಿಡೀ ಕಾಲಿಗೆ ಅಂಟಿಕೊಂಡಿದ್ದರೆ ವಿಕಿರಣದಿಂದ ಕ್ಯಾನ್ಸರ್ ಬರುವುದಿಲ್ಲವೇ? ವಿಕಿರಣ ತಡೆಯುವ ಸ್ಟಿಕ್ಕರ್ ಅಂಟಿಸಬಹುದೇ?

ಉತ್ತರ: ಜಿಪಿಎಸ್ ಭಾಗ ಏನನ್ನೂ ಹೊರಸೂಸುವುದಿಲ್ಲ ಎಂದು ಮೇಲೆಯೇ ಹೇಳಿದ್ದೇನೆ. ಮೊಬೈಲ್ ಭಾಗ ಆಗಾಗ ಕ್ಷಣಮಾತ್ರ ಸಂದೇಶ ಕಳುಹಿಸುತ್ತದೆ; ಗಂಟೆಗಟ್ಟಲೆ ಕಿವಿಗೆ ಫೋನು ಒತ್ತಿಕೊಂಡು ಮಾತಾಡುವವರು ಈ ಪ್ರಶ್ನೆ ಕೇಳುವುದು ನನಗೆ ಅರ್ಥವಾಗದು. ಸ್ಟಿಕ್ಕರ್ ಮಾರುವವನು ಶುದ್ಧ ಮೋಸಗಾರ: ಅದು ರೇಡಿಯೋ ತರಂಗವನ್ನು ನಿಜಕ್ಕೂ ತಡೆದರೆ ಸಾಧನವೇ ಕೆಲಸ ಮಾಡದು, ಸಾಧನ ಕೆಲಸ ಮಾಡುತ್ತಿದ್ದರೆ ಸ್ಟಿಕ್ಕರು ಏನನ್ನೂ ತಡೆಯುತ್ತಿಲ್ಲ. ನನಗೆ ಆತಂಕವಿರುವುದು ಚರ್ಮದ ಬಗ್ಗೆ. ಪಟ್ಟಿಯ ಕೆಳಗೆ ಬೆವರು ಮತ್ತು ಸೋಪು ನಿಂತು ಉಜ್ಜಿದ ಗಾಯವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಅಂಥವರು ದಿನಾ ಪಟ್ಟಿಯ ಸುತ್ತ ಕಣ್ಣಾರೆ ನೋಡಿಕೊಳ್ಳಬೇಕು, ಕಾಲು ಊದಿದರೆ ವೈದ್ಯರ ಚೀಟಿ ತಂದು ಪಟ್ಟಿಯನ್ನು ಸಡಿಲಿಸಲು ಕೇಳಬೇಕು. ತಾವೇ ಕತ್ತರಿ ಹಾಕಕೂಡದು.

ಪ್ರಶ್ನೆ: ಮಂಗಳೂರಿನಲ್ಲಿ ಜೈಲಿನ ಜಾಮರಿನಿಂದ ಸುತ್ತಲಿನವರ ಮೊಬೈಲ್ ಕೆಟ್ಟಿತ್ತು. ಹಾಗೆ ಕಾಲಿನ ಟ್ರ್ಯಾಕರೂ ಕೆಡುತ್ತದೆಯೇ?

ಉತ್ತರ: ಆ ಜಾಮರುಗಳು ಹಿಡಿಯುವುದು ಮೊಬೈಲ್ ಸಂಪರ್ಕವನ್ನು. ಅಂಥ ಜಾಗದಲ್ಲಿ ಟ್ರ್ಯಾಕರಿಗೆ ಸ್ಥಳ ತಿಳಿಯುತ್ತದೆ, ಹೇಳಲು ದಾರಿ ಇರುವುದಿಲ್ಲ. ಸ್ಥಳವನ್ನು ನೆನಪಿನಲ್ಲಿಟ್ಟುಕೊಂಡು ಸಂಪರ್ಕ ಸಿಕ್ಕೊಡನೆ ಕಳುಹಿಸುವ ಸಾಧನವಾದರೆ ಬಚಾವು. ಖಾಸಗಿಯವರು ಜಾಮರ್ ಕೊಳ್ಳುವುದೂ ಇಟ್ಟುಕೊಳ್ಳುವುದೂ ನಮ್ಮ ದೇಶದಲ್ಲಿ ಕಾನೂನುಬಾಹಿರ.

ಪ್ರಶ್ನೆ: ಜಿಪಿಎಸ್ ಬದಲು ನಮ್ಮ ದೇಶದ್ದೇ ಸ್ಥಳ ತಿಳಿಸುವ ಉಪಗ್ರಹ ವ್ಯವಸ್ಥೆ ನಾವಿಕ್ ಬಳಸಿದರೆ ಈ ತೊಂದರೆ ಇರುವುದಿಲ್ಲವಲ್ಲ?

ಉತ್ತರ: ಇರುತ್ತದೆ. ಅದರ ಸಂಕೇತವೂ ಕಾಂಕ್ರೀಟಿನ ಕೆಳಗೆ ಅಷ್ಟೇ ದುರ್ಬಲ.

ಪ್ರಶ್ನೆ: ಗೂಗಲ್ ಮ್ಯಾಪಿನ ಪಿನ್ ಹಂಚಿಕೊಳ್ಳುವ ಜಾಮೀನು ಷರತ್ತನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದೆ. ಹಾಗಾದರೆ ಕಾಲಿನ ಪಟ್ಟಿಯೂ ರದ್ದೇ?

ಉತ್ತರ: 2024ರ ಜುಲೈ 8ರ ಆ ತೀರ್ಪು, ಪೊಲೀಸರು ಆರೋಪಿಯ ಚಲನವಲನವನ್ನು ಸದಾ ಗಮನಿಸುವಂತಹ ಷರತ್ತು ಖಾಸಗಿತನಕ್ಕೆ ವಿರುದ್ಧ ಎಂದಿತು. ಪಿನ್ ಹಂಚಿಕೊಂಡರೆ ವ್ಯಕ್ತಿಯನ್ನು ಕ್ಷಣಕ್ಷಣವೂ ಹಿಂಬಾಲಿಸಲು ಬರುವುದಿಲ್ಲ ಎಂದು ಗೂಗಲ್ ಕಂಪನಿಯೇ ಪ್ರಮಾಣಪತ್ರ ಸಲ್ಲಿಸಿತ್ತು. ಕಾಲಿನ ಪಟ್ಟಿಯಿಂದ ಹಿಂಬಾಲಿಸಲು ಬರುತ್ತದೆ. ಅದು ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂಬುದನ್ನು ರೇಡಿಯೋ ಎಂಜಿನಿಯರನ್ನು ಕೇಳಬೇಡಿ, ವಕೀಲರನ್ನು ಕೇಳಿ.